ವೀಸಾ ಮುಗಿದ ಮೇಲೆ ಬ್ರಿಟಿಷ್ ಪ್ರಜೆಯೊಡನೆ ಮದುವೆ: ಇಲ್ಲೇ ಅರ್ಜಿಯೋ, ಊರಿಗೆ ಮರಳಿ ಅರ್ಜಿಯೋ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವನು, ವಯಸ್ಸು 31. ಎಂ.ಎಸ್ಸಿ. ಓದಲು 2021 ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಬಂದೆ. ಪದವಿ ಸಿಕ್ಕಿತು, ವಿದ್ಯಾರ್ಥಿ ವೀಸಾ 2023 ರ ಜನವರಿಗೆ ಮುಗಿಯಿತು. ಮುಂದಿನ ವೀಸಾ ಮಾಡಿಸಿಕೊಡುತ್ತೇನೆಂದು ಹಣ ತೆಗೆದುಕೊಂಡ ಮಧ್ಯವರ್ತಿಯೊಬ್ಬರು ಅರ್ಜಿಯನ್ನೇ ಹಾಕಿರಲಿಲ್ಲ. ಅಂದಿನಿಂದ ಲೆಸ್ಟರ್‌ನಲ್ಲಿಯೇ ಇದ್ದೇನೆ. ಕೆಲವು ತಿಂಗಳು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೂ ಉಂಟು. ಎರಡೂವರೆ ವರ್ಷಗಳಿಂದ ಒಬ್ಬ ಬ್ರಿಟಿಷ್ ಪ್ರಜೆಯನ್ನು ಪ್ರೀತಿಸುತ್ತಿದ್ದೇನೆ. ಒಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಅವರು ಗುಜರಾತಿ ಮೂಲದವರು, ಅವರ ಅಜ್ಜ-ಅಜ್ಜಿ 1972 ರಲ್ಲಿ ಉಗಾಂಡಾದಿಂದ ಇಲ್ಲಿಗೆ ಬಂದವರು. ಅವರ ಸಂಬಳ ವರ್ಷಕ್ಕೆ 26,400 ಪೌಂಡ್. ಪಾರ್ಶ್ವವಾಯುವಿನಿಂದ ಬಳಲುತ್ತಿರುವ ತಾಯಿಯನ್ನು ಅವರೇ ನೋಡಿಕೊಳ್ಳುತ್ತಾರೆ. ನಾವು ಇಲ್ಲಿ ಮದುವೆಯಾಗಬಹುದೇ? ಮದುವೆಯಾದರೆ ನನಗೆ ಇಲ್ಲಿ ಉಳಿಯುವ ಹಕ್ಕು ಬರುತ್ತದೆಯೇ, ಇಲ್ಲವೇ ಊರಿಗೆ ಹೋಗಿಯೇ ಬರಬೇಕೇ? ಹೋದರೆ ಹತ್ತು ವರ್ಷ ಮರಳಿ ಬರಲಾಗದು ಎನ್ನುತ್ತಾರೆ, ನಿಜವೇ? ದೇವಸ್ಥಾನದಲ್ಲಿ ಮದುವೆಯಾದರೆ ಸಾಲದೇ?

ಉತ್ತರ: ನಿಮ್ಮ ಪತ್ರದಲ್ಲಿ ಮದುವೆಯ ಪ್ರಶ್ನೆ ಮತ್ತು ಉಳಿಯುವ ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ. ಬ್ರಿಟನ್ನಿನ ಕಾನೂನು ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ವೀಸಾ ಇಲ್ಲದವರು ಮದುವೆಯಾಗಬಾರದು ಎಂಬ ಕಾನೂನು ಅಲ್ಲಿಲ್ಲ. ಹಾಗೆಯೇ ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರಿಗೆ ಉಳಿಯುವ ಅನುಮತಿ ತಾನಾಗಿ ಬರುತ್ತದೆ ಎಂಬ ಕಾನೂನೂ ಇಲ್ಲ. ಮದುವೆಯ ಪ್ರಮಾಣಪತ್ರ ನಿಮ್ಮ ಅರ್ಜಿಯೊಂದಿಗೆ ಹೋಗುವ ಹಲವು ಕಾಗದಗಳಲ್ಲಿ ಒಂದು, ಅಷ್ಟೆ. ಎರಡು ವರ್ಷಗಳಿಂದ ಗಂಡ-ಹೆಂಡಿರಂತೆ ಸಂಬಂಧದಲ್ಲಿರುವವರನ್ನು ಮದುವೆಯಾಗದಿದ್ದರೂ ಸಂಗಾತಿಗಳೆಂದು ನಿಯಮಗಳು ಒಪ್ಪುತ್ತವೆ, ಆದ್ದರಿಂದ ಮದುವೆಯ ದಿನಾಂಕಕ್ಕಾಗಿ ಆತುರಪಡುವ ಅಗತ್ಯ ನೀವು ಭಾವಿಸಿರುವಷ್ಟು ಇಲ್ಲ.

ಮೊದಲು ಮದುವೆಯ ವಿಷಯ ಮುಗಿಸೋಣ. 2005 ರಲ್ಲಿ ಬ್ರಿಟಿಷ್ ಸರ್ಕಾರ ವಿದೇಶಿಯರು ಮದುವೆಗೆ ಮುನ್ನ ಹೋಮ್ ಆಫೀಸಿನಿಂದ (ವಲಸೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ) ಒಪ್ಪಿಗೆಪತ್ರ ತರಬೇಕೆಂಬ ವ್ಯವಸ್ಥೆಯನ್ನು ಜಾರಿಗೆ ತಂದಿತ್ತು. ಮದುವೆಯಾಗುವುದು ಮನುಷ್ಯನ ಹಕ್ಕು, ವೀಸಾ ಸ್ಥಿತಿಯೊಂದನ್ನೇ ನೋಡಿ ಅದನ್ನು ತಡೆಯಲಾಗದು ಎಂಬ ವಾದವನ್ನು ಅಂದು ಅಲ್ಲಿಯ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2008 ರಲ್ಲಿ ಬಯಾಯ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 2011 ರಲ್ಲಿ ಆ ವ್ಯವಸ್ಥೆಯೇ ರದ್ದಾಯಿತು. ಅದರ ಜಾಗದಲ್ಲಿ ಈಗಿರುವುದು 2014 ರ ವಲಸೆ ಕಾಯ್ದೆಯ ಕ್ರಮ, 2015 ರ ಮಾರ್ಚ್‌ನಿಂದ ನಡೆಯುತ್ತಿದೆ. ಇದು ಮದುವೆಯನ್ನು ತಡೆಯುವುದಿಲ್ಲ, ಆದರೆ ಮದುವೆಯ ಸುದ್ದಿಯನ್ನು ನೇರವಾಗಿ ಹೋಮ್ ಆಫೀಸಿನ ಮೇಜಿಗೆ ತಲುಪಿಸುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ನಡೆಯುವ ರೀತಿ ಹೀಗೆ. ಇಬ್ಬರೂ ಆ ಪ್ರದೇಶದಲ್ಲಿ ಕನಿಷ್ಠ ಏಳು ದಿನ ವಾಸವಿದ್ದು, ಗೊತ್ತುಪಡಿಸಿದ ರಿಜಿಸ್ಟರ್ ಆಫೀಸಿಗೆ ಒಟ್ಟಿಗೆ ಹೋಗಿ ನೋಟಿಸ್ ಕೊಡಬೇಕು. ಒಟ್ಟಿಗೆ ಹೋದರೂ ಅಧಿಕಾರಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿಕೊಳ್ಳುತ್ತಾರೆ. ಇನ್ನೊಬ್ಬರ ಪೂರ್ತಿ ಹೆಸರು, ಹುಟ್ಟಿದ ದಿನ, ಮಾಡುವ ಕೆಲಸ, ಹಿಂದೆ ಮದುವೆಯಾಗಿದ್ದುಂಟೇ ಎಂದೆಲ್ಲ ಕೇಳುತ್ತಾರೆ. ಕನ್ನಡದ ಹುಡುಗರು ಎಡವುವುದು ಇಲ್ಲಿ ಒಂದು ಸಣ್ಣ ವಿಷಯದಲ್ಲಿ: ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಉಪನಾಮವಾಗಿ ಕುಳಿತಿರುತ್ತದೆ, ಮನೆಯಲ್ಲಿ ಕರೆಯುವ ಹೆಸರು ಬೇರೆಯೇ ಇರುತ್ತದೆ, ಸಂಗಾತಿ ಅದನ್ನೇ ಹೇಳಿಬಿಡುತ್ತಾರೆ. ಮೋಸವೇನೂ ಇಲ್ಲದಿದ್ದರೂ ಟಿಪ್ಪಣಿಯಲ್ಲಿ ಒಂದು ಅನುಮಾನದ ಗೆರೆ ಬೀಳುತ್ತದೆ. ಪಾಸ್‌ಪೋರ್ಟ್ ತೋರಿಸಬೇಕು, ಭಾವಚಿತ್ರ ಮತ್ತು ವಿಳಾಸ ಕೊಡಬೇಕು, ವೀಸಾ ಸ್ಥಿತಿ ಹೇಳಬೇಕು. ಸಾಮಾನ್ಯರಿಗೆ 28 ದಿನಗಳಿರುವ ಕಾಯುವ ಅವಧಿಯನ್ನು ಹೋಮ್ ಆಫೀಸ್ ತನಿಖೆಗಾಗಿ 70 ದಿನಗಳಿಗೆ ಏರಿಸಬಹುದು. ತನಿಖೆಗೆ ಸಹಕರಿಸದಿದ್ದರೆ ಮದುವೆಯ ಅನುಮತಿ ಸಿಗುವುದಿಲ್ಲ. ಸಹಕರಿಸಿದರೆ ಮದುವೆ ನಡೆಯುತ್ತದೆ. ಆದರೆ ಅದು ವೀಸಾಕ್ಕಾಗಿ ಮಾಡಿದ ತೋರಿಕೆಯ ಮದುವೆ ಎಂದು ಹೋಮ್ ಆಫೀಸ್ ತೀರ್ಮಾನಿಸಿದರೆ ಆ ತೀರ್ಮಾನ ಮುಂದಿನ ಪ್ರತಿಯೊಂದು ಅರ್ಜಿಯ ಮೇಲೂ ಕೂರುತ್ತದೆ.

ಇದರಲ್ಲಿ ನಿಮಗೆ ಇರುವ ಅಪಾಯವನ್ನು ಮುಚ್ಚಿಡುವುದಿಲ್ಲ. ಅನುಮತಿಯಿಲ್ಲದೆ ಉಳಿದಿರುವುದು 1971 ರ ವಲಸೆ ಕಾಯ್ದೆಯಡಿ ಅಪರಾಧ, ಅಂಥವರನ್ನು ವಶಕ್ಕೆ ಪಡೆದು ಹೊರಕಳಿಸುವ ಅಧಿಕಾರ ಹೋಮ್ ಆಫೀಸಿಗಿದೆ. 2021 ರ ಮೇ ತಿಂಗಳಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವಲಸೆ ಒಪ್ಪಂದವನ್ನು ನಮ್ಮವರು ಯುವ ವೃತ್ತಿಪರರ ವೀಸಾಕ್ಕಾಗಿ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಅನುಮತಿಯಿಲ್ಲದೆ ಉಳಿದ ಭಾರತೀಯರನ್ನು ಮರಳಿ ಕರೆಸಿಕೊಳ್ಳುವ ಮಾತೂ ಅದೇ ಒಪ್ಪಂದದಲ್ಲಿದೆ. ಹೀಗಾಗಿ ಮುಂದಿನ ಹೆಜ್ಜೆ ಏನೆಂದು ನಿಶ್ಚಯಿಸದೆ, ವಕೀಲರನ್ನು ಕಾಣದೆ, "ಮೊದಲು ಮದುವೆ ಆಗಲಿ, ಆಮೇಲೆ ನೋಡೋಣ" ಎಂದು ನೋಟಿಸ್ ಕೊಡಲು ಹೋಗುವುದು ಸರಿಯಲ್ಲ.

ದೇವಸ್ಥಾನದ ಮದುವೆಯ ಬಗ್ಗೆ ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಆ ಕಟ್ಟಡ ಮದುವೆಗಾಗಿ ನೋಂದಣಿಯಾಗಿದ್ದು, ಮೊದಲೇ ನೋಟಿಸ್ ಕೊಟ್ಟು, ಅಧಿಕೃತ ವ್ಯಕ್ತಿಯ ಎದುರು ಕಾನೂನಿನ ಮಾತುಗಳನ್ನು ಹೇಳಿದಾಗಲಷ್ಟೇ ಅದು ಮದುವೆ. ಇಲ್ಲವಾದರೆ ಮಾಂಗಲ್ಯ ಕಟ್ಟಿ ಸಪ್ತಪದಿ ತುಳಿದಿದ್ದರೂ ಕಾನೂನಿನ ಕಣ್ಣಿಗೆ ನೀವು ಅವಿವಾಹಿತರೇ. 2020 ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಒಂದು ನಿಕಾಹ್ ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿತು: ಇಂಥ ಸಮಾರಂಭವನ್ನು ಅಸಿಂಧು ವಿವಾಹ ಎಂದು ಕರೆಯಲೂ ಬರುವುದಿಲ್ಲ, ಏಕೆಂದರೆ ಕಾನೂನಿನ ಮಟ್ಟಿಗೆ ಅಲ್ಲಿ ವಿವಾಹವೇ ನಡೆದಿಲ್ಲ. ಹಾಗೆಂದು ಆ ದಿನದ ಫೋಟೊಗಳು ವ್ಯರ್ಥವಲ್ಲ. ಎರಡೂ ಮನೆಯವರು ಒಪ್ಪಿ ನಿಂತಿದ್ದಾರೆ ಎಂಬುದಕ್ಕೆ ಅವು ಸಾಕ್ಷಿ. ಅರ್ಜಿಯಲ್ಲಿ "ವಿವಾಹಿತ" ಎಂದು ಬರೆಯಲು ಮಾತ್ರ ಅವು ಆಧಾರವಾಗವು.

ಇನ್ನು ಉಳಿಯುವ ವಿಷಯ. ನಿಮ್ಮ ನಿಜವಾದ ಪ್ರಶ್ನೆ ಇದೇ. ಬ್ರಿಟಿಷ್ ಪ್ರಜೆಯ ಸಂಗಾತಿಗೆ ಅನ್ವಯಿಸುವ ನಿಯಮಗಳು ಅಪೆಂಡಿಕ್ಸ್ ಎಫ್‌ಎಂ ಎಂಬ ಭಾಗದಲ್ಲಿವೆ. 2012 ರ ಜುಲೈ 9 ರಿಂದ ಜಾರಿಯಲ್ಲಿವೆ. ಅದರಲ್ಲಿ ಐದು ವರ್ಷದ ದಾರಿ ಒಂದು, ಹತ್ತು ವರ್ಷದ ದಾರಿ ಇನ್ನೊಂದು. ಐದು ವರ್ಷದ ದಾರಿಗೆ ಆದಾಯ, ಇಂಗ್ಲಿಷ್, ಮನೆ ಎಲ್ಲವೂ ಸರಿಯಿರಬೇಕು. ಜೊತೆಗೆ ಬ್ರಿಟನ್ನಿನ ಒಳಗಿನಿಂದ ಅರ್ಜಿ ಹಾಕುವವರು ಅನುಮತಿಯಿಲ್ಲದೆ ಉಳಿದವರಾಗಿರಬಾರದು. ವೀಸಾ ಮುಗಿದು 14 ದಿನಗಳೊಳಗೆ, ಅದೂ ಕೈಮೀರಿದ ಕಾರಣವಿದ್ದಾಗ, ಸ್ವಲ್ಪ ರಿಯಾಯಿತಿ ಉಂಟು. ನಿಮ್ಮದು ವರ್ಷಗಳ ಲೆಕ್ಕ, ಆ ಬಾಗಿಲು ಮುಚ್ಚಿದೆ. ಮಧ್ಯವರ್ತಿ ಮೋಸ ಮಾಡಿದ ಸಂಗತಿಯನ್ನು ಹೇಳಿಕೊಳ್ಳಬೇಕು, ದಾಖಲೆಯಿದ್ದರೆ ಲಗತ್ತಿಸಬೇಕು. ಆದರೆ ಅದರಿಂದ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಹತ್ತು ವರ್ಷದ ದಾರಿ ಅನುಮತಿಯಿಲ್ಲದವರಿಗೂ ತೆರೆದಿದೆ, ಆದರೆ ಅದರ ಹೊಸ್ತಿಲು ಎತ್ತರ. ನಿಮ್ಮಿಬ್ಬರ ಕುಟುಂಬಜೀವನ ಬ್ರಿಟನ್ನಿನ ಹೊರಗೆ ಮುಂದುವರಿಯಲು "ದಾಟಲಾಗದ ಅಡ್ಡಿಗಳು" ಇವೆ ಎಂದು ನೀವು ತೋರಿಸಬೇಕು. ಅಂದರೆ ನೀವಾಗಲಿ ನಿಮ್ಮ ಸಂಗಾತಿಯಾಗಲಿ ಎದುರಿಸುವ ತೊಂದರೆ ಬಹಳ ದೊಡ್ಡದಾಗಿರಬೇಕು. ಅದನ್ನು ನೀಗಲು ಆಗಬಾರದು, ಇಲ್ಲವೇ ನೀಗಲು ಹೋದರೆ ಅತಿ ಕಠಿಣವಾದ ಕಷ್ಟಕ್ಕೆ ಸಿಲುಕುವಂತಿರಬೇಕು. 2017 ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅಗ್ಯಾರ್ಕೊ ಪ್ರಕರಣದಲ್ಲಿ ಈ ಅಳತೆಗೋಲನ್ನು ಎತ್ತಿಹಿಡಿಯಿತು. ಅರ್ಜಿದಾರರು ಘಾನಾದಿಂದ ಬಂದು ವೀಸಾ ಮೀರಿ ಉಳಿದಿದ್ದ ಮಹಿಳೆ, ಸಂಗಾತಿ ಬ್ರಿಟಿಷ್ ಪ್ರಜೆ. ಸ್ಥಿತಿ ನಿಮ್ಮದಕ್ಕೆ ಬಹಳ ಹತ್ತಿರ. ಸಂಗಾತಿ ಬದುಕಿನುದ್ದಕ್ಕೂ ಬ್ರಿಟನ್ನಿನಲ್ಲಿದ್ದವರು, ಅಲ್ಲಿ ಕೆಲಸವಿದೆ ಎಂಬುದಷ್ಟೇ ಸಾಲದು ಎಂದು ನ್ಯಾಯಾಲಯ ಹೇಳಿತು. ಇದಲ್ಲದೆ 2002 ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯ್ದೆಗೆ 2014 ರಲ್ಲಿ ಸೇರಿಸಿದ 117 ಬಿ ಕಲಮು, ಅನುಮತಿಯಿಲ್ಲದೆ ಉಳಿದಿದ್ದಾಗ ಬೆಳೆದ ಸಂಬಂಧಕ್ಕೆ ಕಡಿಮೆ ತೂಕ ಕೊಡಬೇಕೆಂದು ನ್ಯಾಯಾಧೀಶರಿಗೆ ಸೂಚಿಸುತ್ತದೆ. ನೀವಿಬ್ಬರೂ ಒಂದಾದದ್ದು ನಿಮ್ಮ ವೀಸಾ ಮುಗಿದ ಮೇಲೆ ಎಂದು ಪತ್ರದ ಲೆಕ್ಕವೇ ಹೇಳುತ್ತದೆ.

ಈ ಅಳತೆಗೋಲಿನ ಎದುರು ನಿಮ್ಮ ಸಂಗತಿಗಳನ್ನು ಇಟ್ಟು ನೋಡಿದರೆ ನನಗೆ ಸಮಾಧಾನವಾಗುತ್ತಿಲ್ಲ. ಸಂಗಾತಿ ಗುಜರಾತಿ ಮೂಲದವರು ಎಂದು ನೀವು ಅಭಿಮಾನದಿಂದ ಬರೆದಿದ್ದೀರಿ. ಆ ಸಂಗತಿಯೇ ಹೋಮ್ ಆಫೀಸಿನ ಉತ್ತರದ ಮೊದಲ ಸಾಲಾಗಬಹುದು. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಸಿಗುತ್ತದೆ. ಅಜ್ಜ-ಅಜ್ಜಿಯ ಮೂಲಕ ಅವರಿಗೇ ಅರ್ಹತೆ ಇರಬಹುದು, ಇಲ್ಲದಿದ್ದರೂ ಭಾರತದ ಪ್ರಜೆಯನ್ನು ಮದುವೆಯಾಗಿ ನೋಂದಣಿ ಮಾಡಿಸಿ ಎರಡು ವರ್ಷ ತುಂಬಿದರೆ ಭಾರತದ ಪೌರತ್ವ ಕಾಯ್ದೆಯ 7 ಎ ಕಲಮಿನಡಿ ಅರ್ಹತೆ ಬರುತ್ತದೆ. ಭಾರತಕ್ಕೆ ಬರಲು, ಅಲ್ಲಿ ಇರಲು ಅವರಿಗೆ ಕಾನೂನಿನ ತಡೆಯಿಲ್ಲ. ನೀವು ಓದಿದವರು, ನಿಮ್ಮ ತಂದೆ-ತಾಯಿ ಊರಿನಲ್ಲಿದ್ದಾರೆ, ಬೆಂಗಳೂರಿನಲ್ಲಿ ಕೆಲಸ ಹುಡುಕಬಲ್ಲಿರಿ. ಕನ್ನಡ ಬಾರದು, ದಾವಣಗೆರೆಯ ಬಿಸಿಲು ಆಗದು, ಅಲ್ಲಿನ ಸಂಬಳ ಕಡಿಮೆ ಎಂಬವೆಲ್ಲ ನಿಜವಾದ ಕಷ್ಟಗಳೇ, ಆದರೆ ಈ ಕಾನೂನಿನ ಅರ್ಥದಲ್ಲಿ ಅಡ್ಡಿಗಳಲ್ಲ.

ಉಳಿದದ್ದು ತಾಯಿಯ ವಿಷಯ. ನಿಮ್ಮ ಪತ್ರದಲ್ಲಿ ಇದಕ್ಕೆ ಒಂದೇ ಒಂದು ವಾಕ್ಯ ಸಿಕ್ಕಿದೆ, ಅರ್ಜಿಯಲ್ಲಿ ಮಾತ್ರ ಅತಿ ಹೆಚ್ಚು ಪುಟಗಳು ಇದಕ್ಕೇ ಸಲ್ಲಬೇಕು. "ತಾಯಿಯನ್ನು ಮಗಳು ನೋಡಿಕೊಳ್ಳುತ್ತಾಳೆ" ಎಂದರೆ ಹೋಮ್ ಆಫೀಸ್ ಕೊಡುವ ಉತ್ತರ ಸಿದ್ಧವಾಗಿದೆ: ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಇದೆ, ಕೌನ್ಸಿಲಿನ (ಸ್ಥಳೀಯ ಆಡಳಿತದ) ಆರೈಕೆ ಸೇವೆ ಇದೆ, ಬೇರೆ ಮಕ್ಕಳಿದ್ದರೆ ಅವರಿದ್ದಾರೆ. ಅದನ್ನು ಎದುರಿಸಲು ದಿನಚರಿಯಷ್ಟು ಸೂಕ್ಷ್ಮವಾದ ಸಾಕ್ಷ್ಯ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವವರು ಯಾರು, ಸ್ನಾನ ಮಾಡಿಸುವವರು ಯಾರು, ನುಂಗಲು ಕಷ್ಟವಾಗುವುದರಿಂದ ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಪಾರ್ಶ್ವವಾಯುವಿನ ನಂತರ ಇಂಗ್ಲಿಷ್ ಮರೆತು ಗುಜರಾತಿಯಲ್ಲಿ ಮಾತ್ರ ಮಾತನಾಡುತ್ತಾರೆಯೇ, ಹೊರಗಿನ ಆರೈಕೆದಾರರನ್ನು ಇಟ್ಟು ನೋಡಿದಾಗ ಏನಾಯಿತು ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ನರರೋಗ ತಜ್ಞರ ಪತ್ರ, ಕುಟುಂಬ ವೈದ್ಯರ ಪತ್ರ, ಕೌನ್ಸಿಲ್ ಮಾಡಿದ ಆರೈಕೆಯ ಅಗತ್ಯಗಳ ಮೌಲ್ಯಮಾಪನ, ಸಾಧ್ಯವಾದರೆ ಸ್ವತಂತ್ರ ಸಮಾಜ ಕಾರ್ಯಕರ್ತರ ವರದಿ ಇವು ಸೇರಿದಾಗ ಪ್ರಕರಣ ನಿಲ್ಲಬಲ್ಲದು. "ಅವರ ಮಗಳು ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ" ಎಂಬ ನಾಲ್ಕು ಸಾಲಿನ ವೈದ್ಯರ ಚೀಟಿ ಮಾತ್ರ ಇದ್ದರೆ ನಿಲ್ಲದು. ಅಂಥ ಚೀಟಿಗಳನ್ನು ನಂಬಿ ಬಂದವರನ್ನು ನಾನು ಬಹಳ ಕಂಡಿದ್ದೇನೆ.

ಅಡ್ಡಿಗಳ ಪರೀಕ್ಷೆಯಲ್ಲಿ ಗೆಲ್ಲದಿದ್ದರೂ, ನಿರಾಕರಣೆಯಿಂದ ನಿಮಗೋ ಸಂಗಾತಿಗೋ ಸಮರ್ಥಿಸಲಾಗದಷ್ಟು ಕಠೋರವಾದ ಪರಿಣಾಮ ಆಗುತ್ತದೆಯೇ ಎಂದು ಅಧಿಕಾರಿ ನೋಡಲೇಬೇಕು. ಇದಲ್ಲದೆ ಮಗುವಿನ ವಿಷಯವನ್ನೂ ಹೇಳಬೇಕು. ನಿಮ್ಮ ಪತ್ರದಲ್ಲಿ ಮಗುವಿನ ಮಾತಿಲ್ಲ, ಇದ್ದಿದ್ದರೆ ಈ ಉತ್ತರದ ದಿಕ್ಕೇ ಬೇರೆಯಾಗುತ್ತಿತ್ತು: ಬ್ರಿಟಿಷ್ ತಾಯಿಗೆ ಬ್ರಿಟನ್ನಿನಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ, ಮತ್ತು ಆ ಮಗು ದೇಶ ಬಿಡಬೇಕೆಂದು ನಿರೀಕ್ಷಿಸುವುದು ಸಮಂಜಸವಲ್ಲ ಎಂದಾದರೆ ಅದನ್ನು ನಿಜವಾಗಿ ಸಾಕುತ್ತಿರುವ ತಂದೆಯನ್ನು ಹೊರಕಳಿಸುವುದರಲ್ಲಿ ಸಾರ್ವಜನಿಕ ಹಿತವಿಲ್ಲವೆಂದು ಅದೇ 117 ಬಿ ಕಲಮಿನ ಆರನೆಯ ಉಪಕಲಮು ಹೇಳುತ್ತದೆ.

ಹತ್ತು ವರ್ಷದ ದಾರಿಯಲ್ಲಿ ಅನುಮತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಒಂದು ಸಲಕ್ಕೆ ಸಿಗುವುದು 30 ತಿಂಗಳು. 2025 ರ ಏಪ್ರಿಲ್ 9 ರಿಂದ ಜಾರಿಯಾದ ದರದಲ್ಲಿ ಅರ್ಜಿ ಶುಲ್ಕ 1,321 ಪೌಂಡ್ ಇತ್ತು; ಈ ಉತ್ತರದ ಅರ್ಜಿ ಶುಲ್ಕಗಳೆಲ್ಲ ಆ ದರದವು. ಎನ್‌ಎಚ್‌ಎಸ್ ಸೇವೆಗಾಗಿ ವೀಸಾ ಅರ್ಜಿಯೊಂದಿಗೇ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ರಂತೆ 30 ತಿಂಗಳಿಗೆ 2,587.50, ಒಟ್ಟು 3,908.50 ಪೌಂಡ್. ಇದನ್ನು ನಾಲ್ಕು ಸಲ ಕಟ್ಟಬೇಕು, ಅಂದರೆ ದರ ಇಷ್ಟೇ ಉಳಿದರೂ 15,634 ಪೌಂಡ್. ಕೊನೆಯಲ್ಲಿ ಶಾಶ್ವತ ವಾಸಕ್ಕೆ ಮತ್ತೆ 3,029 ಪೌಂಡ್. ನಿಜವಾಗಿಯೂ ಕೈಯಲ್ಲಿ ಹಣವಿಲ್ಲದವರು ಈ ದಾರಿಯಲ್ಲಿ ಶುಲ್ಕ ಮಾಫಿ ಕೇಳಬಹುದು. ಮೊದಲ ಅನುಮತಿ ಸಿಕ್ಕ ಮೇಲೆ ನೀವು ಅನುಮತಿಯಿಲ್ಲದವರಲ್ಲವಾದ್ದರಿಂದ, ಆದಾಯ ಮುಂತಾದವು ಸರಿಯಾದಾಗ ಐದು ವರ್ಷದ ದಾರಿಗೆ ದಾಟಲು ಬರುತ್ತದೆ. ಆದರೆ ಐದು ವರ್ಷದ ಲೆಕ್ಕ ಅಂದಿನಿಂದ ಹೊಸದಾಗಿ ಶುರು.

ಅರ್ಜಿ ಹಾಕಿ ಕಾಯುವ ತಿಂಗಳುಗಳ ಬಗ್ಗೆ ತಪ್ಪು ತಿಳಿವಳಿಕೆ ಬೇಡ. ವೀಸಾ ಇರುವಾಗಲೇ ಅರ್ಜಿ ಹಾಕಿದವರಿಗೆ ಹಳೆಯ ಅನುಮತಿ ತೀರ್ಮಾನದವರೆಗೆ ಮುಂದುವರಿಯುತ್ತದೆ, ನಿಮಗೆ ಅದು ಅನ್ವಯಿಸದು. ಮಾನವ ಹಕ್ಕಿನ ಅರ್ಜಿ ಬಾಕಿಯಿರುವಾಗ ಸಾಮಾನ್ಯವಾಗಿ ಹೊರಕಳಿಸುವುದಿಲ್ಲ, ಆದರೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ, ನಿಯತವಾಗಿ ಹಾಜರಿ ಹಾಕಬೇಕೆಂಬ ಷರತ್ತನ್ನು ವಿಧಿಸಬಹುದು, ಮಧ್ಯದಲ್ಲಿ ಭಾರತಕ್ಕೆ ಹೋದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ. ನಿರಾಕರಿಸಿದರೆ ಮಾನವ ಹಕ್ಕಿನ ಆಧಾರದ ಮೇಲೆ 14 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. ಪ್ರಕರಣದಲ್ಲಿ ಹುರುಳೇ ಇಲ್ಲವೆಂದು ಹೋಮ್ ಆಫೀಸ್ ಪ್ರಮಾಣೀಕರಿಸಿದರೆ ಮೇಲ್ಮನವಿ ಮಾಡುವ ಆ ಅವಕಾಶವೂ ಹೋಗುತ್ತದೆ.

"ಹೇಗೂ ವೀಸಾ ಸಿಗುವ ಹಾಗಿದ್ದರೆ ಹೋಗಿ ಬರುವ ಶಾಸ್ತ್ರ ಏಕೆ?" ಎಂಬ ವಾದವನ್ನು ಯಾರಾದರೂ ನಿಮ್ಮ ಕಿವಿಗೆ ಹಾಕಿರಬಹುದು. ಅದರ ಮೂಲ 2008 ರ ಚಿಕ್ವಾಂಬಾ ತೀರ್ಪು. ಜಿಂಬಾಬ್ವೆಯ ಮಹಿಳೆಯೊಬ್ಬರ ಪತಿ ಬ್ರಿಟನ್ನಿನಲ್ಲಿ ನಿರಾಶ್ರಿತ ಸ್ಥಾನ ಪಡೆದವರು, ಅವರಿಗೊಂದು ಎಳೆಯ ಮಗು. ಬರಿಯ ಅರ್ಜಿ ಹಾಕುವುದಕ್ಕಾಗಿ ಆಕೆಯನ್ನು ಜಿಂಬಾಬ್ವೆಗೆ ಕಳಿಸುವುದು ಸರಿಯಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಹೇಳಿತು. ಹದಿನೈದು ವರ್ಷ ಈ ಹೆಸರನ್ನು ಎಲ್ಲ ಅರ್ಜಿಗಳಿಗೂ ಮಂತ್ರದಂತೆ ಅಂಟಿಸಲಾಯಿತು. 2023 ರಲ್ಲಿ ಮೇಲ್ಮನವಿ ನ್ಯಾಯಾಲಯ ಆಲಂ ಪ್ರಕರಣದಲ್ಲಿ ಅದರ ವ್ಯಾಪ್ತಿಯನ್ನು ಕುಗ್ಗಿಸಿತು: "ಹೊರಗಿನಿಂದ ಅರ್ಜಿ ಹಾಕಿ" ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದಾಗ ಮಾತ್ರ ಆ ತೀರ್ಪು ಉಪಯೋಗಕ್ಕೆ ಬರುತ್ತದೆ. ಹೊರಗಿನಿಂದ ಹಾಕಿದರೆ ವೀಸಾ ಸಿಗುವುದು ಖಚಿತ ಎಂದು ತೋರಿಸಬಲ್ಲವರಿಗೆ ಅಗ್ಯಾರ್ಕೊ ತೀರ್ಪಿನಲ್ಲಿ ಸಣ್ಣದೊಂದು ಎಡೆಯಿದೆ. 26,400 ಪೌಂಡ್ ಸಂಬಳದ ಮೇಲೆ ನೀವು ಇಂದು ಹಾಗೆ ಹೇಳಲು ಬರುವುದಿಲ್ಲ.

ಆದ್ದರಿಂದ ಊರಿಗೆ ಮರಳಿ ಅಲ್ಲಿಂದ ಅರ್ಜಿ ಹಾಕುವ ದಾರಿಯನ್ನು ಗಂಭೀರವಾಗಿ ನೋಡಿ. "ಹತ್ತು ವರ್ಷ ಬರಲಾಗದು" ಎಂಬುದು ಅರ್ಧ ಸತ್ಯ. ಮರುಪ್ರವೇಶದ ನಿಷೇಧದಲ್ಲಿ ಮೆಟ್ಟಿಲುಗಳಿವೆ: ಸ್ವಂತ ಖರ್ಚಿನಲ್ಲಿ ತಾನಾಗಿ ಹೊರಟವರಿಗೆ ಒಂದು ವರ್ಷ, ಸರ್ಕಾರದ ಖರ್ಚಿನಲ್ಲಿ ಹೊರಟವರಿಗೆ ಸಂದರ್ಭ ನೋಡಿ ಎರಡು ಅಥವಾ ಐದು ವರ್ಷ, ಬಲವಂತವಾಗಿ ಹೊರಕಳಿಸಲಾದವರಿಗೆ ಮತ್ತು ಅರ್ಜಿಯಲ್ಲಿ ಮೋಸ ಮಾಡಿದವರಿಗೆ ಹತ್ತು ವರ್ಷ. ಸ್ವಂತ ಟಿಕೆಟಿನಲ್ಲಿ ಹೋಗುವುದಕ್ಕೂ ಅಧಿಕಾರಿಗಳು ವಿಮಾನ ಹತ್ತಿಸುವುದಕ್ಕೂ ಇರುವ ಅಂತರ ಇಷ್ಟು. ಈ ನಿಷೇಧಗಳು ಮುಖ್ಯವಾಗಿ ಪ್ರವಾಸ, ಓದು, ಕೆಲಸದ ವೀಸಾಗಳಿಗೆ ಬಡಿಯುವಂಥವು. ಪತಿ-ಪತ್ನಿಯರ ಅರ್ಜಿಯಲ್ಲಿ ನೋಡುತ್ತ ಬಂದದ್ದು ವೀಸಾ ಮೀರಿದ್ದರ ಜೊತೆಗೆ ಸುಳ್ಳು ಗುರುತು, ತಲೆಮರೆಸಿಕೊಂಡಿರುವುದು, ಹಾಜರಿ ತಪ್ಪಿಸಿದ್ದು, ಹುರುಳಿಲ್ಲದ ಅರ್ಜಿಗಳ ಸರಮಾಲೆ ಮುಂತಾದ ಹೆಚ್ಚುವರಿ ತಪ್ಪುಗಳು ಇವೆಯೇ ಎಂಬುದನ್ನು. ಈ ಯೋಗ್ಯತೆಯ ನಿಯಮಗಳನ್ನೆಲ್ಲ 2025 ರ ನವೆಂಬರ್‌ನಲ್ಲಿ ಹೊಸದಾಗಿ ಬರೆದು ಒಂದೇ ಭಾಗಕ್ಕೆ ತರಲಾಗಿದೆ. ಟಿಕೆಟ್ ಕಾದಿರಿಸುವ ಮುನ್ನ ವಕೀಲರು ಆ ಭಾಗವನ್ನು ನಿಮ್ಮ ದಿನಾಂಕಗಳ ಪಕ್ಕದಲ್ಲಿಟ್ಟು ಓದಿ, ಅಭಿಪ್ರಾಯವನ್ನು ಬರಹದಲ್ಲಿ ಕೊಡಲಿ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಎನ್‌ಎಚ್‌ಎಸ್‌ಗೆ 500 ಪೌಂಡಿಗೆ ಮೇಲ್ಪಟ್ಟ ಬಾಕಿ ಉಳಿಸಿದ್ದರೆ ಅದೂ ವೀಸಾ ನಿರಾಕರಣೆಗೆ ಕಾರಣವಾಗಬಲ್ಲದು, ಮೊದಲು ಅದನ್ನು ತೀರಿಸಿ.

ಈ ದಾರಿಯ ಮುಖ್ಯ ಪರೀಕ್ಷೆ ಹಣದ್ದು. ಬ್ರಿಟಿಷ್ ಸಂಗಾತಿಯ ಕನಿಷ್ಠ ಆದಾಯ 2012 ರಿಂದ 18,600 ಪೌಂಡ್ ಇತ್ತು. 2024 ರ ಏಪ್ರಿಲ್ 11 ರಂದು ಅದು ಒಂದೇ ನೆಗೆತಕ್ಕೆ 29,000 ಆಯಿತು. ನಿಮ್ಮ ಸಂಗಾತಿಗೆ 2,600 ಪೌಂಡ್ ಕೊರತೆ. ಇದನ್ನು ತುಂಬಲು ಅವರು ಎರಡನೆಯ ಕೆಲಸ ಹಿಡಿಯಬಹುದು; ಆರು ತಿಂಗಳ ಸಂಬಳದ ಚೀಟಿ, ಅದೇ ಮೊತ್ತ ಜಮೆಯಾದ ಬ್ಯಾಂಕ್ ಪಟ್ಟಿ, ಮಾಲೀಕರ ಪತ್ರ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅಥವಾ ಉಳಿತಾಯ ತೋರಿಸಬಹುದು. ಲೆಕ್ಕ ಹೀಗೆ: ಕೊರತೆಯ ಎರಡೂವರೆ ಪಟ್ಟು 6,500, ಅದಕ್ಕೆ ಕಡ್ಡಾಯವಾದ 16,000 ಸೇರಿಸಿ, ಒಟ್ಟು 22,500 ಪೌಂಡ್. ಈ ಹಣ ನಿಮ್ಮ ಅಥವಾ ಅವರ ಹೆಸರಿನಲ್ಲಿ ಪೂರ್ತಿ ಆರು ತಿಂಗಳು ಇದ್ದಿರಬೇಕು, ಒಂದು ದಿನವೂ ಕೆಳಗಿಳಿಯಬಾರದು. ಊರಿನಿಂದ ನಿಮ್ಮ ತಂದೆ ಅಡಿಕೆ ಮಾರಿದ ಹಣ ಕೊಟ್ಟರೆ ಆಗಬಹುದು, ಆದರೆ ಅದು ಸಾಲವಲ್ಲ, ಮರಳಿಸಬೇಕಾಗಿಲ್ಲದ ಕೊಡುಗೆ ಎಂದು ಅವರು ಬರೆದುಕೊಡಬೇಕು. ಅಡುಗೆಮನೆಯಲ್ಲಿ ನೀವು ದುಡಿದ ಹಣ ಆದಾಯದ ಲೆಕ್ಕಕ್ಕೆ ಬರುವುದಿಲ್ಲ.

ಉಳಿದವು ಹಗುರ. ಇಂಗ್ಲಿಷ್ ಪರೀಕ್ಷೆಗೆ ನಿಮ್ಮ ಬ್ರಿಟಿಷ್ ಪದವಿಯೇ ಸಾಕು. ಭಾರತದಿಂದ ಅರ್ಜಿ ಹಾಕುವವರು ಮಾನ್ಯತೆ ಪಡೆದ ಕ್ಲಿನಿಕ್ಕಿನಲ್ಲಿ ಕ್ಷಯದ ತಪಾಸಣೆ ಮಾಡಿಸಬೇಕು. ಬೆರಳಚ್ಚು ಕೊಡುವ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಅದೇ 2025 ರ ದರದಲ್ಲಿ ಹೊರಗಿನಿಂದ ಹಾಕುವ ಅರ್ಜಿಗೆ ಶುಲ್ಕ 1,938 ಪೌಂಡ್, 33 ತಿಂಗಳ ವೀಸಾಕ್ಕೆ ಸರ್‌ಚಾರ್ಜ್ 3,105, ಒಟ್ಟು 5,043. ಮದುವೆಗೆ ಮುನ್ನವೇ ಹೋಗಲು ನಿಶ್ಚಿತ ವರನ ವೀಸಾವೂ ಉಂಟು: ಆರು ತಿಂಗಳು, ಕೆಲಸಕ್ಕೆ ಅನುಮತಿಯಿಲ್ಲ, ಅಷ್ಟರಲ್ಲಿ ಅಲ್ಲಿ ಮದುವೆಯಾಗಿ ಮತ್ತೊಂದು ಅರ್ಜಿ ಹಾಕಬೇಕು. ಎರಡು ಅರ್ಜಿಗಳ ಮೊತ್ತ 5,846.50 ಪೌಂಡ್ ಆಗುವುದರಿಂದ ನಾನು ಅದನ್ನು ಶಿಫಾರಸು ಮಾಡಲಾರೆ. ಸಂಗಾತಿ ಕೆಲವು ವಾರ ರಜೆ ಹಾಕಿ ಬರಬಲ್ಲರಾದರೆ, ದಾವಣಗೆರೆಯಲ್ಲಿಯೇ 1954 ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ ಪತಿಯಾಗಿಯೇ ಅರ್ಜಿ ಹಾಕಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು. ವಾಸದ ಷರತ್ತನ್ನು ನೀವೇ ಪೂರೈಸಬಹುದು. ನೋಟಿಸಿನ ದಿನ ಮತ್ತು ಮದುವೆಯ ದಿನ ಅವರು ಬರಬೇಕಾದದ್ದನ್ನು ವಿವಾಹ ನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ತಾಯಿಯ ಆರೈಕೆಗೆ ಬದಲಿ ವ್ಯವಸ್ಥೆ ಮಾಡಿಕೊಂಡು ಗೊತ್ತುಮಾಡಿ. ಇಲ್ಲಿ ಒಂದು ಎಚ್ಚರಿಕೆ: ಅವರ ಗೈರುಹಾಜರಿಯಲ್ಲಿ ತಾಯಿ ಆ ಕೆಲವು ವಾರ ಚೆನ್ನಾಗಿಯೇ ಇದ್ದರೆ, ಆ ಸಂಗತಿ ಮುಂದೆ ನೀವು "ದಾಟಲಾಗದ ಅಡ್ಡಿ"ಯ ವಾದಕ್ಕೆ ಮರಳಲು ಹೊರಟಾಗ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಎರಡು ದೋಣಿಯ ಮೇಲೆ ಕಾಲಿಡುವುದಕ್ಕಿಂತ ಮೊದಲೇ ಒಂದನ್ನು ಆರಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ತಾಯಿಯ ಆರೈಕೆಯ ಸಾಕ್ಷ್ಯ ನಿಜಕ್ಕೂ ಗಟ್ಟಿಯಾಗಿದ್ದರೆ ಒಳಗಿನಿಂದಲೇ ಹತ್ತು ವರ್ಷದ ದಾರಿ ಹಿಡಿಯಬಹುದು. ಅದು ನಾಲ್ಕು ಸಾಲಿನ ಚೀಟಿಯ ಮಟ್ಟದ್ದಾದರೆ, ಹಣದ ಕೊರತೆಯನ್ನು ತುಂಬುವ ಯೋಜನೆ ಸಿದ್ಧ ಮಾಡಿಕೊಂಡು ಸ್ವಂತ ಟಿಕೆಟಿನಲ್ಲಿ ಊರಿಗೆ ಬನ್ನಿ. ಯಾವುದೇ ದಾರಿಯಾದರೂ ಅಡುಗೆಮನೆಯ ಕೆಲಸವನ್ನು ಮತ್ತೆ ಮಾಡಬೇಡಿ: ಅನುಮತಿಯಿಲ್ಲದೆ ದುಡಿಯುವುದು 2016 ರ ವಲಸೆ ಕಾಯ್ದೆಯಡಿ ನಿಮ್ಮ ಮೇಲೆ ಪ್ರತ್ಯೇಕ ಅಪರಾಧ, ಮಾಲೀಕರಿಗೆ 2024 ರ ಫೆಬ್ರವರಿಯಿಂದ ಮೊದಲ ತಪ್ಪಿಗೇ ತಲೆಗೆ 45,000 ಪೌಂಡ್‌ವರೆಗೆ ದಂಡ. ಹಿಂದೆ ಮಾಡಿದ್ದನ್ನು ಅರ್ಜಿಯಲ್ಲಿ ಕೇಳಿದರೆ ಮುಚ್ಚಿಡಬೇಡಿ. ವೀಸಾ ಮೀರಿದ್ದನ್ನು ಕ್ಷಮಿಸಿದ ಅಧಿಕಾರಿಗಳನ್ನು ನೋಡಿದ್ದೇನೆ. ಸುಳ್ಳು ಹೇಳಿದ್ದನ್ನು ಕ್ಷಮಿಸಿದವರನ್ನು ನೋಡಿಲ್ಲ. ಆಶ್ರಯ ಕೋರಿ ಸುಳ್ಳು ಕಥೆ ಕಟ್ಟಿಕೊಡುತ್ತೇವೆನ್ನುವವರು ಲೆಸ್ಟರ್‌ನಲ್ಲೂ ಸಿಕ್ಕಾರು, ಅವರತ್ತ ತಿರುಗಿಯೂ ನೋಡಬೇಡಿ.

ಈ ಸಲ ಮಧ್ಯವರ್ತಿ ಬೇಡ. ಬ್ರಿಟನ್ನಿನಲ್ಲಿ ವಲಸೆ ಸಲಹೆ ಕೊಡುವವರು ಸಾಲಿಸಿಟರ್, ಬ್ಯಾರಿಸ್ಟರ್ ಮುಂತಾದ ವಕೀಲರಾಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಣಿಯಾಗಿರಬೇಕು. 2025 ರ ಜನವರಿಯವರೆಗೆ ಒಐಎಸ್‌ಸಿ ಎನ್ನುತ್ತಿದ್ದದ್ದು ಇದನ್ನೇ. ನೋಂದಣಿಯಿಲ್ಲದೆ ಸಲಹೆ ಕೊಡುವುದು ಅಪರಾಧ, ಆದ್ದರಿಂದ ಹೆಸರನ್ನು ಅವರ ಪಟ್ಟಿಯಲ್ಲಿ ನೋಡಿಕೊಂಡೇ ಹಣ ಕೊಡಿ. ಆ ವಕೀಲರ ಬಳಿ ಹೋದಾಗ ಮೊದಲು ಮಾಡಿಸಬೇಕಾದ ಕೆಲಸ, ನಿಮ್ಮ ಬಗ್ಗೆ ಹೋಮ್ ಆಫೀಸ್ ಇಟ್ಟಿರುವ ಕಡತದ ಪ್ರತಿಯನ್ನು ದತ್ತಾಂಶ ರಕ್ಷಣೆ ಕಾನೂನಿನಡಿ ಕೇಳುವುದು. ಇದಕ್ಕೆ ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು. ಆ ಮಧ್ಯವರ್ತಿ ನಿಮ್ಮ ಹೆಸರಿನಲ್ಲಿ ಅರ್ಜಿಯನ್ನೇ ಹಾಕಿರಲಿಲ್ಲವೋ, ಸುಳ್ಳು ಕಾಗದ ಲಗತ್ತಿಸಿದ ಅರ್ಜಿಯೊಂದನ್ನು ಹಾಕಿ ಅದು ತಿರಸ್ಕೃತವಾಗಿ ನಿಮಗೆ ತಿಳಿಯದಂತೆ ಉಳಿದಿದೆಯೋ ಎಂಬುದು ಆ ಕಡತದಿಂದಲೇ ಗೊತ್ತಾಗಬೇಕು. ಎರಡನೆಯದಾಗಿದ್ದರೆ ನಾನು ಮೇಲೆ ಬರೆದ ಹತ್ತು ವರ್ಷದ ಮಾತು ನಿಮಗೂ ತಾಕಬಹುದು, ಆಗ ಮೊದಲು ನಿವಾರಿಸಬೇಕಾದದ್ದು ಅದನ್ನೇ.